ಪೀಪಾಯಿಯ ತಳದ ಬೀಗದಕೈ

ಇಟಲಿಯ ವಾಯವ್ಯದಲ್ಲಿರುವ ಪಿಯೆಮಾಂಟ್ ಸೀಮೆಯ ಅಲೆಸ್ಸಾಂಡ್ರಿಯಾ ನಗರದಲ್ಲಿ 1968ರಲ್ಲಿ ಆರಂಭವಾದ, ಈಗ ಮಿಕೆಲೆ ಪಿತ್ತಲೂಗಾ ಅವರ ಹೆಸರು ಹೊತ್ತಿರುವ ಶಾಸ್ತ್ರೀಯ ಗಿಟಾರ್ ಸ್ಪರ್ಧೆಗೆ ಹಲವು ದೇಶಗಳ ಯುವ ವಾದಕರು ಬರುತ್ತಾರೆ. ಸುತ್ತು ಸುತ್ತಿಗೂ ಅವರ ಸಂಖ್ಯೆ ಇಳಿದು, ಕೊನೆಗುಳಿದ ಕೆಲವರು ವಾದ್ಯವೃಂದದೊಡನೆ ಕನ್ಚರ್ಟೊ ನುಡಿಸುತ್ತಾರೆ, ಅಂದರೆ ಒಂಟಿ ವಾದ್ಯವೊಂದು ವೃಂದಕ್ಕೆ ಎದುರಾಗಿಯೂ ಜೊತೆಯಾಗಿಯೂ ನಿಲ್ಲುವ ದೀರ್ಘ ಕೃತಿಯನ್ನು. ಅಲ್ಲಿ ತೀರ್ಪುಗಾರರು ಕೊಡುವ ಅಂಕ ಏನನ್ನು ಅಳೆಯುತ್ತದೆ ಎಂಬುದು ಸಂಗೀತಶಾಸ್ತ್ರಕ್ಕಿಂತ ಹೆಚ್ಚಾಗಿ ಸೌಂದರ್ಯಮೀಮಾಂಸೆಗೆ, ಎಂದರೆ ಚೆಲುವಿನ ಅನುಭವವನ್ನು ವಿಚಾರಿಸುವ ತತ್ತ್ವಶಾಸ್ತ್ರಕ್ಕೆ, ಸೇರಿದ ಪ್ರಶ್ನೆ.

ತತ್ತ್ವಜ್ಞ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡವನ್ನು ಕುರಿತು ಬರೆದ ಪ್ರಬಂಧದಲ್ಲಿ ಸೆರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ನಿಂದ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಕಥಾನಾಯಕನ ಸೇವಕ ಸಾಂಕೋನ ಬಂಧುಗಳಿಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸದ ರುಚಿ ನೋಡಿ, ರಸ ಚೆನ್ನಾಗಿದೆ, ಆದರೆ ತುಸು ಚರ್ಮದ ವಾಸನೆ ಇದೆ ಎಂದು ಒಬ್ಬನೂ, ಕಬ್ಬಿಣದ ರುಚಿ ಇದೆ ಎಂದು ಇನ್ನೊಬ್ಬನೂ ಹೇಳಿ ನಗೆಪಾಟಲಾಗುತ್ತಾರೆ. ಪೀಪಾಯಿ ಬರಿದಾದಾಗ ಅದರ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಬೀಗದಕೈ ಸಿಗುತ್ತದೆ. ನುರಿತ ನಾಲಗೆ ಭ್ರಮೆಯಲ್ಲ ಎಂಬುದಕ್ಕೆ ಹ್ಯೂಮನಿಗೆ ಇಷ್ಟು ಸಾಕು. ಆದರೆ ಬೀಗದಕೈ ಸಾಬೀತುಪಡಿಸಿದ್ದು ದೋಷವನ್ನು ಮಾತ್ರ. ರಸ ಚೆನ್ನಾಗಿದೆ ಎಂದು ಇಬ್ಬರೂ ಒಪ್ಪಿದ ಮಾತಿಗೆ ಪೀಪಾಯಿಯ ತಳದಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ಗಿಟಾರಿನಲ್ಲಿ ದೋಷಕ್ಕೂ ಗುಣಕ್ಕೂ ಇರುವ ಈ ಭೇದ ಎದ್ದು ಕಾಣುತ್ತದೆ. ಮೀಟಿದ ತಂತಿಯ ನಾದ ಹುಟ್ಟಿದೊಡನೆ ಕ್ಷೀಣಿಸತೊಡಗುವುದರಿಂದ, ಅದನ್ನು ನಿಲ್ಲಿಸಿ ಹಿಡಿದಂತೆ ತೋರಿಸಲು ಟ್ರೆಮೊಲೊ ಎಂಬ ತಂತ್ರವಿದೆ: ಹೆಬ್ಬೆರಳು ಕೆಳಸ್ಥಾಯಿಯ ತಂತಿಯನ್ನು ಮೀಟಿದ ಮೇಲೆ ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಮುಟ್ಟುತ್ತ ಹೋಗುತ್ತವೆ. ಸ್ಪೇನಿನ ಗಿಟಾರ್ ವಾದಕ ತಾರ್ರೆಗಾನ ‘ರೆಕುಎರ್ದೋಸ್ ದೆ ಲಾ ಆಲಾಂಬ್ರಾ’ (ಆಲಾಂಬ್ರಾದ ನೆನಪುಗಳು) ಎಂಬ ಕೃತಿ ಆದ್ಯಂತ ನಿಂತಿರುವುದು ಇದರ ಮೇಲೆ. ಮೂರು ಬೆರಳುಗಳಲ್ಲಿ ಒಂದು ಕುಂಟಿದರೆ ತೀರ್ಪುಗಾರರೆಲ್ಲರ ಕಿವಿಗೂ ಅದು ಬೀಳುತ್ತದೆ. ಕುಂಟದ ನಾದವು ಸ್ಮೃತಿಯಾಗಿ ಕೇಳಿಸಿತೋ ಬರಿಯ ಕೈಚಳಕವಾಗಿ ಕೇಳಿಸಿತೋ ಎಂಬುದಕ್ಕೆ ಅಂಥ ಪುರಾವೆ ಸಿಗದು. ತಪ್ಪಿಲ್ಲದ ವಾದನ ಗೆದ್ದು, ಸಾಹಸದ ವಾದನ ಸೋತಾಗ ತೀರ್ಪುಗಾರರನ್ನು ಹಳಿಯುವುದು ಸುಲಭ. ಕಾರಣ ಮಾತ್ರ ಅವರ ಪ್ರಾಮಾಣಿಕತೆಗಿಂತ ಆಳದಲ್ಲಿದೆ.

ಜರ್ಮನ್ ತತ್ತ್ವಜ್ಞ ಕಾಂಟ್ 1790ರ ತನ್ನ ನಿರ್ಣಯಶಕ್ತಿಯ ವಿಮರ್ಶೆಯಲ್ಲಿ, ‘ಇದು ಚೆಲುವು’ ಎನ್ನುವವನು ಯಾವ ಪರಿಕಲ್ಪನೆಯ ಆಧಾರವೂ ಇಲ್ಲದೆ ಎಲ್ಲರ ಸಮ್ಮತಿಯನ್ನು ಕೋರುತ್ತಾನೆ, ಅಂದರೆ ಇತರರು ಒಪ್ಪುತ್ತಾರೆಂದು ಊಹಿಸದೆ, ಒಪ್ಪತಕ್ಕದ್ದೆಂದು ಹೇಳುತ್ತಾನೆ ಎಂದು ವಾದಿಸಿದ. ಹೀಗೆ ಕೋರುವ ಐದಾರು ಮಂದಿಯ ಅಂಕಗಳನ್ನು ಕೂಡಿ ಸರಾಸರಿ ತೆಗೆದರೆ ದೊರೆಯುವುದು ಮತಗಣನೆಯೇ ಹೊರತು ಕೋರಿಕೆಯಲ್ಲ.

ಇಂಥ ಸ್ಪರ್ಧೆ ಹೊಸತೇನಲ್ಲ. ಗಿಟಾರ್ ಎಂಬ ಹೆಸರಿನ ಮೂಲ ಗ್ರೀಕರ ‘ಕಿಥಾರಾ’. ಡೆಲ್ಫಿಯಲ್ಲಿ ಅಪೊಲೊ ದೇವತೆಯ ಉತ್ಸವದಲ್ಲಿ ಆ ವಾದ್ಯದ ಸ್ಪರ್ಧೆ ನಡೆದು, ಗೆದ್ದವನಿಗೆ ಲಾರೆಲ್ ಎಲೆಗಳ ಕಿರೀಟ ಸಲ್ಲುತ್ತಿತ್ತು. ಇಂಥ ಉತ್ಸವಗಳಿಗೆ ನಗರಗಳು ಕಳಿಸುತ್ತಿದ್ದ ಪ್ರತಿನಿಧಿ ‘ಥಿಯೋರೋಸ್’, ಅವನ ಪಯಣ ಮತ್ತು ದರ್ಶನ ‘ಥಿಯೋರಿಯಾ’. ಮುಂದೆ ತತ್ತ್ವಜ್ಞರು ತಮ್ಮ ಚಿಂತನೆಗೆ ಕಡ ತಂದದ್ದು ಈ ಪದವನ್ನೇ. ಪರವೂರಿಗೆ ಹೋದ ಆ ಪ್ರತಿನಿಧಿ ಸ್ಪರ್ಧಿಸಬೇಕಿರಲಿಲ್ಲ, ನೋಡಿ ಮರಳಬೇಕಿತ್ತು. ಮೊದಲ ಸುತ್ತಿನಲ್ಲೇ ಹೊರಬಿದ್ದು, ಊರಿಗೆ ಮರಳುವ ವಿಮಾನಕ್ಕೆ ಇನ್ನೂ ಮೂರು ದಿನವಿರುವಾಗ, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ಇತರರ ವಾದನ ಕೇಳುವ ಸ್ಪರ್ಧಿಗೆ ಗ್ರೀಕರಲ್ಲಿ ಹೆಸರಿತ್ತು.