ಗ್ರಂಥಕರ್ತನ ಹೊರೆ

ತಾನು ಬರೆದ ಗ್ರಂಥವನ್ನು ತಾನೇ ಹೊತ್ತು ಮಾರುವುದು ಗ್ರಂಥಕರ್ತನಿಗೆ ಯೋಗ್ಯವೇ? ವಿದ್ಯೆಯು ವಿಕ್ರಯದ ವಸ್ತುವಲ್ಲವೆಂದು ಹಿರಿಯರು ನುಡಿಯುತ್ತ ಬಂದಿದ್ದಾರೆ. ಆದರೆ ಕಾಗದದ ವರ್ತಕನಾಗಲಿ, ಅಚ್ಚುಕೂಟದವನಾಗಲಿ, ರಟ್ಟು ಕಟ್ಟುವವನಾಗಲಿ ಈ ನುಡಿಯನ್ನು ಕೇಳಿ ತನ್ನ ಲೆಕ್ಕವನ್ನು ಬಿಟ್ಟುಕೊಡುವುದಿಲ್ಲ.

ಬರಹಕ್ಕೆ ಒದಗಬಹುದಾದ ಭಾಗ್ಯವೆಂತಹದೆಂಬುದನ್ನು ಪಾಮನಕಲ್ಲೂರು ಸೇರಿರುವ ಮಸ್ಕಿಯ ಸೀಮೆಯಲ್ಲಿಯೇ ಕಾಣಬಹುದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಿಲಾಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆಯಿತು. ಆ ಚಕ್ರವರ್ತಿಯು ತನ್ನ ಮಾತನ್ನು ಪ್ರಜೆಗಳಿಗೆ ಮುಟ್ಟಿಸಬೇಕೆಂದಾಗ ಕಲ್ಲಿನಲ್ಲಿ ಕಂಡರಿಸುವವರಿದ್ದರು, ಸಾರುವ ಅಧಿಕಾರಿಗಳಿದ್ದರು, ವೆಚ್ಚಕ್ಕೆ ಬೊಕ್ಕಸವಿದ್ದಿತು. ರಾಜ್ಯವಿಲ್ಲದ ಲೇಖಕನಾದರೋ ಈ ಮೂರರ ಹೊಣೆಯನ್ನೂ ತಾನೊಬ್ಬನೇ ಹೊರಬೇಕು. ಅದೂ ಹಗಲಿನ ದುಡಿಮೆ ಮುಗಿದ ಮೇಲೆ.

ಕನ್ನಡದಲ್ಲಿ ಹಾಗೆ ಹೊತ್ತವರೆಂದರೆ ಗಳಗನಾಥರು ಮೊದಲು ನೆನಪಾಗುತ್ತಾರೆ. ವೆಂಕಟೇಶ ತಿರಕೋ ಕುಲಕರ್ಣಿಯೆಂಬ ಹೆಸರಿನ ಈ ಮಹನೀಯರು (1869-1942) ಶಾಲೆಯ ಶಿಕ್ಷಕರು. 20ಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ನಡೆಯಿಸಿದರು, ಮತ್ತು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಸಭೆಗಳಲ್ಲಿ ಈ ಸಂಗತಿಯನ್ನು ಹೇಳಿದೊಡನೆ ಕೇಳುವವರ ಕಣ್ಣು ತೇವವಾಗುತ್ತದೆ. ಆಗಲಿ, ಆದರೆ ಗಂಟು ಅಷ್ಟು ಭಾರವಾಗಿದ್ದುದೇಕೆಂದು ಕೇಳುವವರು ಕಡಿಮೆ. ಪುಸ್ತಕದಂಗಡಿಗಳೂ ಅಕ್ಷರ ಬಲ್ಲವರೂ ವಿರಳವಾಗಿದ್ದ ಕಾಲವದು, ನಿಜ. ಆದರೂ ಅಕ್ಷರ ಬಲ್ಲ ಅನುಕೂಲಸ್ಥರು ತಾವಾಗಿ ಕೈ ಚಾಚಿದ್ದರೆ ಆ ತಲೆಯ ಹೊರೆ ಎಷ್ಟೋ ಇಳಿಯುತ್ತಿದ್ದಿತು. ನುಡಿಭಕ್ತಿಯೆಂದು ನಾಡು ಕೊಂಡಾಡುವ ಆ ನಡಿಗೆಯ ಒಂದೊಂದು ಹರದಾರಿಗೂ ಬರೆಯದೆ ಉಳಿದ ಪುಟಗಳೇ ಸುಂಕವಾಗಿ ಸಂದಿವೆ.

ಮುದ್ದಣನು ಹಿಡಿದುದು ಬೇರೆ ದಾರಿ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನು ತನ್ನ ‘ರಾಮಾಶ್ವಮೇಧ’ವನ್ನು ಹಳೆಯ ಕಾಲದ ಗ್ರಂಥವೆಂಬಂತೆ ಪ್ರಕಟಣೆಗೆ ಕಳುಹಿಸಿದನು. ಬಡ ಉಪಾಧ್ಯಾಯನೊಬ್ಬನ ಹೊಸ ಪುಸ್ತಕವನ್ನು ಯಾರು ಕೈಯಲ್ಲಿ ಹಿಡಿದಾರೆಂಬ ಶಂಕೆಯೇ ಇದಕ್ಕೆ ಕಾರಣವಾಗಿರಬೇಕೆಂದು ತೋರುತ್ತದೆ. 1901ರಲ್ಲಿ, ಮೂವತ್ತು ದಾಟಿದೊಡನೆಯೇ, ಕ್ಷಯರೋಗವು ಆತನನ್ನು ಒಯ್ದಿತು. ಕೀರ್ತಿ ಆಮೇಲೆ ಬಂದಿತು. ಔಷಧಕ್ಕಾಗಲಿ ಗಂಜಿಗಾಗಲಿ ಒದಗಲಿಲ್ಲ.

ಇದನ್ನೆಲ್ಲ ನೋಡಿದರೆ ಮಾರುವುದರಲ್ಲಿ ದೋಷವಿದೆಯೆನ್ನಲು ಬಾಯಿ ಬಾರದು. ದೋಷವೇನಾದರೂ ಇದ್ದರೆ, ಬರೆಯುವಾಗಲೇ ಕೊಳ್ಳುವವನ ಮುಖ ನೋಡಿ ಮಾತನ್ನು ತಿರುಚುವುದರಲ್ಲಿದೆ. ಅದಕ್ಕೂ ತೀರ್ಪು ಹೇಳಹೊರಡುವವನು ಮೊದಲು ಪುಸ್ತಕದ ಹಣವನ್ನು ಕೊಟ್ಟಿರಬೇಕು. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯಿಸುವಾಗ ಒಂದು ರೂಪಾಯಿಯನ್ನೂ ಮರೆಯದ ಗೃಹಸ್ಥನು, ಪರಿಚಯದ ಲೇಖಕನು ಎದುರಾದೊಡನೆ “ನಮಗೊಂದು ಪ್ರತಿ ಬರಲೇ ಇಲ್ಲವಲ್ಲ!” ಎಂದು ಸಲಿಗೆಯಿಂದ ಆಕ್ಷೇಪಿಸುತ್ತಾನೆ. ಲೇಖಕನು ನಾಚಿಕೊಂಡು ಚೀಲದಿಂದ ಒಂದನ್ನು ತೆಗೆದು, ಹೆಸರು ಬರೆದು, ಕೈಮುಗಿದು ಕೊಡುತ್ತಾನೆ. ಆ ಪ್ರತಿಯ ಬಾಕಿ ಅಚ್ಚುಕೂಟದ ಲೆಕ್ಕದ ಪುಸ್ತಕದಲ್ಲಿ ಲೇಖಕನ ಹೆಸರಿನಲ್ಲಿಯೇ ಉಳಿದಿರುತ್ತದೆ.