ಸುಕ್ಕೂ ಶಸ್ತ್ರವೂ

ಮುಪ್ಪನ್ನು ಒಲ್ಲೆನೆಂದವರ ಕಥೆಗಳು ಪುರಾಣಗಳಲ್ಲಿ ಎರಡು ಬಗೆಯಾಗಿ ಬಂದಿವೆ. ಚ್ಯವನ ಮಹರ್ಷಿಯು ಅಶ್ವಿನೀದೇವತೆಗಳ ಅನುಗ್ರಹದಿಂದ ಮರಳಿ ತರುಣನಾದನು. ಅದನ್ನು ಯಾರೂ ದೋಷವೆಂದು ಎಣಿಸಲಿಲ್ಲ. ಯಯಾತಿ ಮಹಾರಾಜನೂ ಯೌವನವನ್ನು ಮರಳಿ ಪಡೆದನು. ಆದರೆ ಅವನ ಹೆಸರು ನಿಂದೆಗೆ ಗುರಿಯಾಯಿತು. ಇಬ್ಬರಿಗೂ ದೊರೆತ ವಸ್ತು ಒಂದೇ. ಭೇದವಿರುವುದು ಬೆಲೆಯಲ್ಲಿ. ಬಯಕೆ ಯಯಾತಿಯದು; ಅದಕ್ಕಾಗಿ ತನ್ನ ದೇಹವನ್ನು ತೆತ್ತವನು ಮಗನಾದ ಪೂರು. ಮುಖದ ಸುಕ್ಕನ್ನು ಬಿಡಿಸುವ, ಜೋಲುಬಿದ್ದ ಚರ್ಮವನ್ನು ಬಿಗಿಸುವ, ಕೊಬ್ಬನ್ನು ಹೀರಿ ಮೈಯನ್ನು ತಿದ್ದುವ ಶಸ್ತ್ರಕ್ರಿಯೆಗಳು ಪಟ್ಟಣಪಟ್ಟಣಗಳಲ್ಲಿ ದೊರೆಯುತ್ತಿರುವ ಈ ಕಾಲದಲ್ಲಿ ಆ ಭೇದವು ಮತ್ತೆ ವಿಚಾರಾರ್ಹವಾಗಿದೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ನಿರ್ಣಯವು ಬಹಳ ಸರಳವಾದುದು: ರೋಗಕ್ಕೆ ಶಸ್ತ್ರವು ಸಲ್ಲುವುದು, ರೂಪಕ್ಕೆ ಸಲ್ಲದು. ಆದರೆ ಈ ಗೆರೆಯು ಪರೀಕ್ಷೆಗೆ ನಿಲ್ಲುವುದಿಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ಕಟ್ಟುವ ವಿಧಾನವನ್ನು ಸುಶ್ರುತಸಂಹಿತೆಯು ವಿವರಿಸಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಸಮೀಪದಲ್ಲಿ ದೇಶೀಯ ಚಿಕಿತ್ಸಕನೊಬ್ಬನು ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಅಭ್ಯಸಿಸಿದ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು 1814ರಲ್ಲಿ ಅದೇ ಕ್ರಮವನ್ನು ಲಂಡನ್ನಿನಲ್ಲಿ ನಡೆಸಿದನು. ಮೂಗು ಹೋದ ಮಾತ್ರಕ್ಕೆ ಉಸಿರು ನಿಲ್ಲುವುದಿಲ್ಲ. ಕಾವಸ್ಜಿಗೆ ಮರಳಿ ಬಂದುದು ನಾಲ್ವರ ನಡುವೆ ತಲೆಯೆತ್ತಿ ನಡೆಯುವ ಮಾನವು. ಅದು ರೋಗದ ಚಿಕಿತ್ಸೆಯೋ, ರೂಪದ ಚಿಕಿತ್ಸೆಯೋ?

ಅವನ ಮೂಗನ್ನು ಕೊಯ್ದವರು ಶತ್ರುಗಳು, ಮುಖದಲ್ಲಿ ಸುಕ್ಕನ್ನು ಬರೆಯುವುದು ಕಾಲ. ಇವೆರಡೂ ಒಂದಾಗಲಾರವು ಎಂದು ಆಕ್ಷೇಪಿಸಬಹುದು. ಇದಕ್ಕೆ ಉತ್ತರವನ್ನು ಫ್ರಾನ್ಸಿನ ವೈದ್ಯೆ ಸುಜಾನ್ ನೊಯೆಲ್ ಅವರ ವೃತ್ತಿಜೀವನದಲ್ಲಿ ಕಾಣಬಹುದು. 1914-18ರ ಮಹಾಯುದ್ಧದಲ್ಲಿ ಮುಖಕ್ಕೆ ಗಾಯವಾದ ಸೈನಿಕರ ಚಿಕಿತ್ಸೆಯಲ್ಲಿ ನುರಿತ ಆಕೆ, ಬಳಿಕ ಪ್ಯಾರಿಸಿನಲ್ಲಿ ಸುಕ್ಕನ್ನು ತೆಗೆಯುವ ಕ್ರಿಯೆಗೆ ಹೆಸರಾದರು. ಅವರಲ್ಲಿಗೆ ಬಂದವರೆಲ್ಲ ವಿಲಾಸಿನಿಯರಾಗಿರಲಿಲ್ಲ. ವಯಸ್ಸಾಯಿತೆಂಬ ಕಾರಣದಿಂದ ಕೆಲಸವನ್ನು ಕಳೆದುಕೊಂಡ, ಅಥವಾ ಕಳೆದುಕೊಳ್ಳುವ ಭಯದಲ್ಲಿದ್ದ ದುಡಿಯುವ ಹೆಂಗಸರೂ ಅವರಲ್ಲಿದ್ದರು. 1926ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಹೆಸರಿನಲ್ಲಿಯೇ ಆಕೆ ಈ ಚಿಕಿತ್ಸೆಯ ‘ಸಾಮಾಜಿಕ ಪಾತ್ರ’ವನ್ನು ಎತ್ತಿ ಹೇಳಿದರು. ಸುಕ್ಕನ್ನು ಬರೆದುದು ಕಾಲವೇ ಇರಬಹುದು. ಅದನ್ನು ಅಪರಾಧವಾಗಿ ಮಾಡಿ ಅನ್ನವನ್ನು ಕಸಿದುದು ಕಾಲವಲ್ಲ, ಮನುಷ್ಯರು. ಅಂತಹ ಹೆಂಗಸನ್ನು ಒಣಜಂಬದವಳೆಂದು ಜರೆಯುವುದು ನ್ಯಾಯವಲ್ಲ.

ಆದರೆ ಅದೇ ನಗರದಲ್ಲಿ ಅದೇ ಕಾಲದಲ್ಲಿ ಇದರ ಇನ್ನೊಂದು ಮುಖವೂ ಕಂಡುಬಂದಿತು. ಆರೋಗ್ಯವಂತಳಾದ ತರುಣಿಯೊಬ್ಬಳು ಕಾಲುಗಳು ದಪ್ಪವಾಗಿವೆಯೆಂದು ಅವುಗಳನ್ನು ತೆಳ್ಳಗೆ ಮಾಡಿಸಿಕೊಳ್ಳಲು ಡುಜಾರಿಯೆ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಬಳಿಗೆ ಹೋದಳು. ಗಾಯವು ಕೊಳೆತು, ಕಡೆಗೆ ಕಾಲನ್ನೇ ಕತ್ತರಿಸಬೇಕಾಯಿತು. ನೆಟ್ಟಗಿರುವ ಅಂಗಕ್ಕೆ ರೂಪಕ್ಕೋಸ್ಕರ ಮಾತ್ರ ಗಂಡಾಂತರದ ಶಸ್ತ್ರಕ್ರಿಯೆಯನ್ನು ನಡೆಸುವುದೇ ತಪ್ಪೆಂದು 1929ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. 1931ರಲ್ಲಿ ಮೇಲಿನ ನ್ಯಾಯಾಲಯವು ಆ ಸಾಮಾನ್ಯ ನಿಯಮವನ್ನು ಒಪ್ಪಲಿಲ್ಲವಾದರೂ ವೈದ್ಯನ ಹೊಣೆಯನ್ನು ಎತ್ತಿಹಿಡಿಯಿತು. ರೂಪದ ಬಯಕೆಯು ದೋಷವಲ್ಲ. ಆದರೆ ಬಯಕೆಗೂ ಬೆಲೆಗೂ ತೂಕವಿರಬೇಕು ಎಂಬ ವಿವೇಕವನ್ನು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರು ಪಡೆಯಬಹುದು.

ತೂಗಬೇಕಾದರೆ ಬೆಲೆಯು ತಿಳಿದಿರಬೇಕು. ಮುಖದ ಚರ್ಮವನ್ನು ಕಿವಿಯ ಸುತ್ತ ಕೊಯ್ದು ಎತ್ತಿ ಬಿಗಿಸಿದರೆ ಫಲವು ಕೆಲವು ವರ್ಷ ನಿಲ್ಲುವುದು. ಆದರೆ ಮುಪ್ಪು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ, ಮುಖದ ನರಕ್ಕೆ ಪೆಟ್ಟಾಗುವ ಸಂಭವವೂ ಉಂಟು. ಹುಬ್ಬುಗಳ ನಡುವಣ ಗೆರೆಗಳಿಗಾಗಿ ಅಮೆರಿಕವು 2002ರಲ್ಲಿ ಒಪ್ಪಿಗೆಯಿತ್ತ ಬೊಟ್ಯುಲಿನಂ ವಿಷದ ಚುಚ್ಚುಮದ್ದು ಸ್ನಾಯುವನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ಸಡಿಲಿಸುವುದು, ಅಷ್ಟೆ. ಕೊಳವೆಯಿಂದ ಕೊಬ್ಬನ್ನು ಹೀರುವ ಕ್ರಮವು 1970ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸುಗಳಲ್ಲಿ ಬೆಳೆದುಬಂದುದು. ಅದು ತೂಕವನ್ನು ಇಳಿಸುವ ಉಪಾಯವಲ್ಲ, ಬಿಗಿಯನ್ನು ಕಳೆದುಕೊಂಡ ಚರ್ಮವು ಅದರಿಂದ ಮತ್ತಷ್ಟು ಜೋಲಬಹುದು. ಹೊಟ್ಟೆಯ ಹೆಚ್ಚಿನ ಚರ್ಮವನ್ನು ಕೊಯ್ದು ತೆಗೆದರೆ ಒಂದು ಸೊಂಟದ ಬದಿಯಿಂದ ಇನ್ನೊಂದರವರೆಗೆ ಗಾಯದ ಗೆರೆಯು ಉಳಿಯುವುದು. ಮುಂದೆ ಬಸಿರಾಗುವ ಇಚ್ಛೆಯುಳ್ಳವರಿಗೆ ಕಾಯುವುದೇ ಲೇಸು. ಹೊಗೆಬತ್ತಿಯನ್ನು ಸೇದುವವರಲ್ಲಿ ಗಾಯವು ಮಾಯುವುದು ಕಷ್ಟ. ಕಾಲಿನ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸಾಗಿ ಪ್ರಾಣಕ್ಕೇ ಸಂಚಕಾರ ತರುವ ಭಯವೂ ಇಲ್ಲದಿಲ್ಲ. ಹಾಗಿದ್ದರೂ, ಬಹಳ ತೂಕವನ್ನು ಇಳಿಸಿಕೊಂಡವರು ನೇತಾಡುವ ಚರ್ಮದ ಮಡಿಕೆಗಳಲ್ಲಿ ಹುಣ್ಣಾಗಿ ನರಳುವಾಗ ಅವರಿಗೆ ಇದೇ ಶಸ್ತ್ರವು ದೊಡ್ಡ ಉಪಕಾರಿ. ಒಂದೇ ಶಸ್ತ್ರ, ಒಂದೇ ಗಾಯ. ಪ್ರಯೋಜನ ಮಾತ್ರ ಬೇರೆ ಬೇರೆ.

ಆದುದರಿಂದ ಈ ಪ್ರಶ್ನೆಯಲ್ಲಿ ಮೊದಲು ವಿಚಾರಿಸತಕ್ಕದ್ದು, ಸೌಂದರ್ಯವನ್ನು ಬಯಸುವುದು ಸರಿಯೇ ತಪ್ಪೇ ಎಂಬುದನ್ನಲ್ಲ. ಇಲ್ಲಿ ಯಯಾತಿ ಯಾರು, ಪೂರು ಯಾರು ಎಂಬುದನ್ನು. ತನ್ನ ಬಯಕೆಗೆ ತಾನೇ, ಅಪಾಯವನ್ನು ಅರಿತು, ಇತರರಿಗೆ ಭಾರವಾಗದಂತೆ ಬೆಲೆ ತೆರುವವರನ್ನು ನಿಂದಿಸಲು ಯಾರಿಗೂ ಅಧಿಕಾರವಿಲ್ಲ. ಆದರೆ ಬಯಕೆಯು ಗಂಡನದಾಗಿ, ಕೆಲಸಕ್ಕೆ ಇಟ್ಟುಕೊಂಡ ಯಜಮಾನನದಾಗಿ, ಹೆಣ್ಣು ನೋಡಬಂದ ಬೀಗರದಾಗಿ, ಕೊಯ್ಸಿಕೊಳ್ಳುವ ಮೈ ಮಾತ್ರ ಅವಳದಾಗಿದ್ದರೆ, ಅಲ್ಲಿ ಪೂರುವಿನ ಕಥೆಯೇ ನಡೆಯುತ್ತಿರುವುದು. ಪೂರುವಿಗೆ ಕಡೆಗೆ ಯೌವನವೂ ರಾಜ್ಯವೂ ಮರಳಿ ದೊರೆತುವು. ಇವಳಿಗೆ ಹಾಗೆ ಮರಳಿಸುವವರು ಯಾರು?

ಪರರ ಒತ್ತಾಯವು ಕೂಗಿ ಬರುವುದೇ ಅಪರೂಪ. ಹೆತ್ತವಳ ಹೊಟ್ಟೆಯನ್ನು ಕುರಿತು ಊಟದ ಹೊತ್ತಿನಲ್ಲಿ ಆಡಿದ ನಗೆಮಾತು, ಮಗಳ ಮುಖವನ್ನು ನೆರೆಮನೆಯ ಹುಡುಗಿಯ ಮುಖದೊಡನೆ ಹೋಲಿಸಿದ ಒಂದು ನುಡಿ, ಇವೇ ದಿನದಿನವೂ ಸೇರಿ ಕಡೆಗೆ ಅವಳ ಸ್ವಂತ ಇಚ್ಛೆಯ ವೇಷವನ್ನು ಧರಿಸುವುವು. ಆಗ ಅವಳು, ‘ಇದು ನನ್ನ ಬಯಕೆ’ ಎಂದೇ ಹೇಳುವಳು. ಸುಳ್ಳನ್ನು ಹೇಳುತ್ತಿರುವೆನೆಂಬ ಅರಿವೂ ಅವಳಿಗೆ ಇರುವುದಿಲ್ಲ. ವೈದ್ಯನ ಶಸ್ತ್ರವು ಚರ್ಮವನ್ನು ಬಿಗಿಸಬಲ್ಲುದು. ಆ ನುಡಿಗಳಿಂದಾದ ಗಾಯವನ್ನು ಮುಟ್ಟಲಾರದು. ಅದನ್ನು ಮಾಯಿಸಬೇಕಾದವರು ಮನೆಯವರು. ಶಸ್ತ್ರಶಾಲೆಯ ಬಾಗಿಲಲ್ಲಿ ವಿವೇಕವನ್ನು ಹೇಳುವುದಕ್ಕಿಂತ, ಮನೆಯೊಳಗೆ ನಾಲಗೆಯನ್ನು ಬಿಗಿಹಿಡಿಯುವುದು ವಿದ್ಯಾವಂತ ಕುಟುಂಬಗಳ ಮೊದಲ ಕರ್ತವ್ಯವು.