ಜಡವೆಂಬ ಮಾತು, ಜೀವದ ಲಕ್ಷಣ

ಕೆಲವು ತಿಂಗಳ ಹಿಂದೆ ಕಂಪಲಾಪುರದ ನಮ್ಮ ಅಂಗಡಿಗೆ ಒಬ್ಬ ತಾಯಿ ಹದಿನಾರು ವರ್ಷದ ಮಗನೊಡನೆ ಬಂದರು. ಸರಕಾರದ ಗುರುತಿನ ಚೀಟಿಗಾಗಿ ಅರ್ಜಿ ತುಂಬಿಕೊಡಬೇಕಾಗಿತ್ತು. ನ್ಯೂನತೆಯ ವಿಧವನ್ನು ಬರೆಯುವ ಕಲಮು ಬಂದಾಗ, ಗಿರಾಕಿಗಳೆಲ್ಲ ಕೇಳುವಂತೆ, "ಮಂದಬುದ್ಧಿ ಎಂದು ಬರೆಯಲೇ ಅಮ್ಮ?" ಎಂದುಬಿಟ್ಟೆ. ಆಕೆ ತಲೆ ತಗ್ಗಿಸಿ, "ಚೀಟೀಲಿ ಏನಾರ ಬರ್ಕೊಳ್ಳಿ ಸಾವ್ಕಾರ್ರೇ. ಜನದ ಮುಂದೆ ಹಂಗನ್ಬೇಡಿ, ಅವನಿಗೂ ಒಂದು ಹೆಸರದೆ" ಎಂದರು. ಸತ್ಯಾಣುವ್ರತವನ್ನು ಕುರಿತು ಹಲವೆಡೆ ಉಪನ್ಯಾಸ ಮಾಡಿದ್ದ ನನಗೆ ಅಂದು ಉತ್ತರ ತೋಚಲಿಲ್ಲ.

ಆ ಪದದಲ್ಲಿ ದೋಷವೇನು? 'ಮಂದ' ಎಂದರೆ ನಿಧಾನವಾದುದು. ಮಂದಹಾಸ, ಮಂದಮಾರುತ ಎನ್ನುವಾಗ ಅದು ಕಿವಿಗೆ ಹಿತವೇ. ಪೆದ್ದ, ದಡ್ಡ ಎಂಬ ಮಾತುಗಳ ಸ್ಥಾನದಲ್ಲಿ ವೈದ್ಯರೂ ಶಿಕ್ಷಕರೂ 'ಬುದ್ಧಿಮಾಂದ್ಯ' ಎಂಬುದನ್ನು ಗೌರವದಿಂದಲೇ ಬಳಸಿದರು. ಜನರ ಬಾಯಲ್ಲಿ ಅದೂ ಬೈಗುಳವಾಯಿತು. ಇಂಗ್ಲಿಷಿನಲ್ಲಿಯೂ ಹೀಗೆಯೇ. ಈಡಿಯಟ್, ಇಂಬೆಸೈಲ್ ಎಂಬವು ಒಂದು ಕಾಲಕ್ಕೆ ವೈದ್ಯರ ವರ್ಗೀಕರಣದ ಪದಗಳು. ಅವುಗಳ ಸಾಲಿಗೆ 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ 'ಮೋರಾನ್' ಎಂಬುದನ್ನು ಸೇರಿಸಿದನು. ಇಂದು ಮೂರೂ ನಿಂದೆಯ ನುಡಿಗಳೇ. ನಮ್ಮ ದೇಶದ 1912ರ ಕಾಯಿದೆಯು 'ಈಡಿಯಟ್' ಎನಿಸಿದವರನ್ನೂ ಮತಿಭ್ರಮಣೆಯವರನ್ನೂ 'ಲೂನಾಟಿಕ್' ಎಂಬ ಒಂದೇ ಹೆಸರಿನಲ್ಲಿ ಸೇರಿಸಿತ್ತು. 1995ರ ಕಾಯಿದೆಯು 'ಮೆಂಟಲ್ ರಿಟಾರ್ಡೇಶನ್' ಎಂಬುದನ್ನು ಮನೋರೋಗದಿಂದ ಬೇರ್ಪಡಿಸಿ ಹೇಳಿತು. 2016ರ ಕಾಯಿದೆಯು ಆ ಪದವನ್ನೂ ಬಿಟ್ಟು, ಬೌದ್ಧಿಕ ನ್ಯೂನತೆ ಎಂಬ ಅರ್ಥದ ಪದವನ್ನು ಅಂಗೀಕರಿಸಿತು.

"ಹೊಸ ಪದವೂ ನಾಳೆ ಬೈಗುಳವಾಗುವುದಾದರೆ ಬದಲಾಯಿಸಿ ಫಲವೇನು?" ಎಂದು ಕೆಲವರು ಕೇಳುತ್ತಾರೆ. ವ್ಯಾಪಾರಿಯಾದ ನಾನು ಹೀಗೆ ಹೇಳಬಲ್ಲೆ: ಸವೆದ ತೂಕದ ಕಲ್ಲನ್ನು ಬದಲಾಯಿಸಲೇಬೇಕು, ಸವೆದದ್ದೆಂದು ತಿಳಿದೂ ಅದರಲ್ಲಿ ತೂಗುವುದು ಅಚೌರ್ಯವ್ರತಕ್ಕೆ ಅತಿಚಾರ. ಆದರೆ ಮುದ್ರೆ ಬಿದ್ದ ಹೊಸ ಕಲ್ಲಿನಿಂದಲೂ ಮೋಸದ ಕೈ ಮೋಸವನ್ನೇ ತೂಗುತ್ತದೆ. ಪದವನ್ನು ಕೆಡಿಸುವುದು ಅದರ ಹಿಂದಿರುವ ಮಾನಕಷಾಯ. ಆದುದರಿಂದ ಕಲ್ಲೂ ಬದಲಾಗಬೇಕು, ಕೈಯೂ ಶುದ್ಧವಾಗಬೇಕು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಪ್ರಿಯ ವಚನವನ್ನೂ ಅಸತ್ಯದ ಬಗೆಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ.

ನಮ್ಮ ಮನೆಗಳಲ್ಲಿ ಇಂಥ ಮಕ್ಕಳನ್ನು 'ಜಡ' ಎನ್ನುವುದುಂಟು. ಜೈನನ ಬಾಯಲ್ಲಿ ಇದು ಕಠೋರ ಮಾತ್ರವಲ್ಲ, ಸಿದ್ಧಾಂತಕ್ಕೇ ವಿರುದ್ಧ. ಜಡವೆಂಬುದು ಅಜೀವಕ್ಕೆ ಸಲ್ಲುವ ಮಾತು. ಜೀವದ ಲಕ್ಷಣವು ಉಪಯೋಗ, ಅಂದರೆ ಚೈತನ್ಯದ ವ್ಯಾಪಾರ. ಅತಿಸೂಕ್ಷ್ಮ ನಿಗೋದ ಜೀವಿಯಲ್ಲಿಯೂ ಕರ್ಮವು ಮುಚ್ಚಲಾರದ ಜ್ಞಾನಾಂಶವೊಂದು ಉಳಿದಿರುತ್ತದೆಂದು ಗೊಮ್ಮಟಸಾರವು ತಿಳಿಸುತ್ತದೆ. ಕರ್ನಾಟಕ ಸರಕಾರದ ಇಲಾಖೆಯ ಹೆಸರಿನಲ್ಲಿ ಈಗ 'ವಿಕಲಚೇತನ' ಎಂಬ ಪದವಿದೆ. ಅದರ ಆಶಯ ಗೌರವದ್ದೇ. ಆದರೂ ನಮ್ಮ ಪರಿಭಾಷೆಯಲ್ಲಿ ನೋಡಿದರೆ ಚೇತನವು ಆವೃತವಾಗಬಹುದೇ ಹೊರತು ಅದಕ್ಕೆ ನಾಶವಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಜ್ಞಾನಾವರಣೀಯ ಕರ್ಮದ ಹೆಸರು ಹೇಳಿ ಮಗುವನ್ನೋ ಹೆತ್ತವರನ್ನೋ ದೂಷಿಸುವವರಿದ್ದಾರೆ. ಅವಧಿಜ್ಞಾನವಿಲ್ಲದ ನಾವು ಮತ್ತೊಬ್ಬರ ಕರ್ಮದ ಲೆಕ್ಕ ಬರೆಯಹೊರಡುವುದು ಅಹಂಕಾರವಲ್ಲವೇ? ಕೇವಲಿಯಾಗದ ನಮ್ಮೆಲ್ಲರಿಗೂ ಆ ಆವರಣವಿದ್ದೇ ಇದೆ. ಇರುವುದು ತರತಮಭಾವ ಮಾತ್ರ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಗಳಿಗೆ ಗುರುವಿನ ಉಪದೇಶವೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವಂತೆ. ಸಿಪ್ಪೆಯಿಂದ ಉದ್ದು ಬೇರೆ ಎಂಬಷ್ಟನ್ನೇ ಹಿಡಿದು, ದೇಹದಿಂದ ಆತ್ಮವು ಬೇರೆಯೆಂದರಿತು ಅವರು ಕೇವಲಜ್ಞಾನ ಪಡೆದರು. ಅವರು ಇಂದು ನಮ್ಮ ಪಾಠಶಾಲೆಗೆ ಬಂದಿದ್ದರೆ ನಾವು ಯಾವ ಸಾಲಿನಲ್ಲಿ ಕೂರಿಸುತ್ತಿದ್ದೆವು?

ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ಗೊಮ್ಮಟಗಿರಿಯ ಅಭಿಷೇಕಕ್ಕೆ ಬಂದಾಗ ಇಂಥ ಮಕ್ಕಳ ತಾಯಂದಿರು ಜನರ ಮಾತಿಗೆ ಅಂಜಿ ಹಿಂದೆ ಉಳಿಯದಂತೆ ನೋಡಿಕೊಳ್ಳೋಣ. ಆ ಮಗುವಿನ ಕೈಗೂ ಕಲಶ ಸಿಗಲಿ. ಪಾಠಶಾಲೆಯ ಹಾಜರಿಯಲ್ಲಿ ಅದರ ಹೆಸರೂ ಇರಲಿ. ಅರ್ಜಿಗೆ ಕಾನೂನಿನ ಪದ ಬೇಕು, ಚಿಕಿತ್ಸೆಗೆ ವೈದ್ಯರ ಪದ ಬೇಕು. ಮಗುವನ್ನು ಕರೆಯಲು ಎರಡೂ ಬೇಡ.

ಆ ಬಾಲಕನು ಈಗಲೂ ಸಾಮಾನಿಗೆಂದು ಅಂಗಡಿಗೆ ಬರುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡಿ ನಗುತ್ತಾನೆ. ಅಂದು ಆಡಿದ ಮಾತಿಗೆ ಅವನ ಎದುರಿನಲ್ಲಿಯೇ ಕ್ಷಮೆ ಬೇಡಿದ್ದೇನೆ. ಕ್ಷಮಾವಣಿಯ ದಿನದವರೆಗೆ ಕಾಯುವುದು ಸರಿಯೆನಿಸಲಿಲ್ಲ.